ಷಡ್ಡಕನ ಮಿದುಳೂ ನನ್ನ ಮಿದುಳೂ

ಒಂದೇ ಮನೆಗೆ ಇಬ್ಬರು ಅಳಿಯಂದಿರಾದರೆ ಅವರನ್ನು ಹೋಲಿಸದ ಅತ್ತೆ ಇನ್ನೂ ಹುಟ್ಟಿಲ್ಲ. ಆನವಟ್ಟಿಯ ನಮ್ಮತ್ತೆಯ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ನಾನು ಸೋಲುತ್ತಲೇ ಬಂದಿದ್ದೇನೆ. ದೊಡ್ಡಳಿಯ ಹಾಲೇಶಪ್ಪ ಶಿರಾಳಕೊಪ್ಪದಲ್ಲಿ ಟೈಲರ್. ಅವರು ಹೊಲಿದ ರವಿಕೆ ಅತ್ತೆಗೆ ಒಂದು ಸಲವೂ ಬಿಗಿಯಾದದ್ದಿಲ್ಲ. ನಾನು ಸೊರಬದ ಹೈಸ್ಕೂಲೊಂದರಲ್ಲಿ ಗುಮಾಸ್ತ. ನನ್ನಿಂದ ಅತ್ತೆಗೆ ಏನು ಉಪಯೋಗವೆಂದು ಅವರು ಇಂದಿಗೂ ಯೋಚಿಸುತ್ತಿದ್ದಾರೆ.

ಕಳೆದ ವರ್ಷ ಹಾಲೇಶಪ್ಪನವರ ಬಲಗೈಯಿಂದ ಕತ್ತರಿ ಜಾರತೊಡಗಿತು. ಆಮೇಲೆ ಎಡಗೈಯೂ ಸೋತು, ಮಾತು ತೊದಲತೊಡಗಿತು. ದೊಡ್ಡಾಸ್ಪತ್ರೆಯ ಡಾಕ್ಟರು ಮೋಟಾರ್ ನ್ಯೂರಾನ್ ಕಾಯಿಲೆ ಎಂದರು. ಮಿದುಳಿನ ಅಪ್ಪಣೆಯನ್ನು ಕೈಕಾಲಿಗೆ ಮುಟ್ಟಿಸುವ ನರಗಳು ಸೊರಗುವ ಕಾಯಿಲೆಯಂತೆ. ಆ ನರಗಳ ಎಳೆಗಳು ಹಾದುಹೋಗುವ ಮಿದುಳಿನ ಬಿಳಿಯ ಭಾಗ ಹೇಗೆ ಬದಲಾಗುತ್ತದೆಂದು ಅಲ್ಲಿ ಎಂಆರ್‌ಐ ತೆಗೆದು ಅಧ್ಯಯನ ಮಾಡುತ್ತಿದ್ದರು. ಹೋಲಿಸಿ ನೋಡಲು ಅದೇ ವಯಸ್ಸಿನ, ರಕ್ತಸಂಬಂಧವಿಲ್ಲದ, ಗಟ್ಟಿಮುಟ್ಟಾದ ಗಂಡಸೊಬ್ಬ ಬೇಕಿತ್ತು. ಷಡ್ಡಕನಿಗಿಂತ ಚೆನ್ನಾಗಿ ಹೊಂದುವವರು ಯಾರು? ನಾನು ಒಪ್ಪಿದೆ. ಹೇಳಲು ನಾಚಿಕೆಯಾಗುತ್ತದೆ, ಒಪ್ಪುವಾಗ ಒಳಗೊಳಗೇ ಖುಷಿಯೂ ಆಯಿತು. ಈ ಒಂದು ಹೋಲಿಕೆಯಲ್ಲಾದರೂ ಗೆಲ್ಲುವವನು ನಾನೇ! ಆನವಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರಿಗೆ ಹೇಳಿಯೂ ಬಂದೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಯಂತ್ರದೊಳಗೆ ಕಳಿಸುವ ಮುಂಚೆ ಕೈಗೊಂದು ರಬ್ಬರ್ ಉಂಡೆ ಕೊಡುತ್ತಾರೆ. ಅಲ್ಲಾಡದೆ ಮಲಗಬೇಕು, ತಡೆಯಲಾಗದಿದ್ದರೆ ಉಂಡೆ ಒತ್ತಿ ಕರೆಯಬೇಕು. ಮೊದಲು ಹಾಲೇಶಪ್ಪ ಹೋದರು. ಮುಕ್ಕಾಲು ಗಂಟೆ, ಒಂದು ಸಲವೂ ಕರೆಯಲಿಲ್ಲ. ಆಮೇಲೆ ನಾನು. ಕಿವಿಯ ಪಕ್ಕದಲ್ಲೇ ಯಾರೋ ತಗಡು ಬಡಿಯುತ್ತಿದ್ದಂತಿತ್ತು. ಐದು ನಿಮಿಷಕ್ಕೆ ಮೂಗು ತುರಿಸಿತು, ಒತ್ತಿದೆ. ಬೆನ್ನು ಹಿಡಿಯಿತು, ಒತ್ತಿದೆ. ಮೂರನೆಯ ಸಲ ಮೂಗೂ ಇಲ್ಲ, ಬೆನ್ನೂ ಇಲ್ಲ, ಬರೀ ಹೆದರಿಕೆ. ಅದಕ್ಕೂ ಒತ್ತಿದೆ.

"ನೀವು ತುಂಬಾ ಅಲ್ಲಾಡಿದೀರಿ ಸರ್. ಪಟ ಪೂರಾ ಕೆಟ್ಟಿದೆ. ಬೇರೆಯವರನ್ನ ನೋಡ್ತೀವಿ ಬಿಡಿ" ಎಂದರು ಸ್ಕ್ಯಾನ್ ಮಾಡುವಾಕೆ.

ಹೊರಗೆ ಬೆಂಚಿನ ಮೇಲೆ ಹಾಲೇಶಪ್ಪ ಕಾಯುತ್ತಿದ್ದರು. "ನೀವು ಒಂದ್ಸಲನೂ ಒತ್ಲಿಲ್ವಂತೆ, ಹೆಂಗ್ರೀ ತಡ್ಕೊಂಡ್ರಿ?" ಎಂದೆ.

ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡು ನಕ್ಕರು. "ಒತ್ತಾಕೆ ಬೆರಳು ನನ್ನ ಮಾತು ಕೇಳ್ಬೇಕಲ್ರೀ. ಅವ್ರಿಗೆ ಹೇಳಿದ್ರೆ ಒಳಗೆ ಬಿಡ್ತಿರ್ಲಿಲ್ಲ. ನೀವು ನನಗೋಸ್ಕರ ರಜಾ ಹಾಕಿ ಇಷ್ಟು ದೂರ ಬಂದೀರಿ. ಸುಮ್ನೆ ಕಣ್ ಮುಚ್ಕೊಂಡು ಮಲಗಿದ್ದೆ."

ಕರೆದರೂ ಯಾರಿಗೂ ಕೇಳದೆಂದು ಗೊತ್ತಿದ್ದೇ ಮನುಷ್ಯ ಒಳಗೆ ಹೋಗಿದ್ದರು.

ಅಷ್ಟರಲ್ಲಿ ಅತ್ತೆಯ ಫೋನು. ಹಾಲೇಶಪ್ಪನವರಿಗೆ ಹಿಡಿಯಲಾಗದೆಂದು ಸ್ಪೀಕರಿಗೆ ಹಾಕಿದೆ. "ಅಳಿಯಂದ್ರೇ, ಇಬ್ರಲ್ಲಿ ಯಾರ್ದು ಚೆನ್ನಾಗಿ ಬಂತು?"

ನಾನು ಬಾಯಿ ತೆರೆಯುವ ಮೊದಲೇ ಹಾಲೇಶಪ್ಪ ತೊದಲಿದರು. "ಅವ್ರದ್ದೇ ಅತ್ತೆ. ಅವ್ರದ್ದೇ ಚಲೋ ಬಂದೈತೆ."

ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅತ್ತೆ ನನ್ನನ್ನು ಬಾಯಿ ತುಂಬ ಹೊಗಳಿದರು. ಅಷ್ಟು ಹೊತ್ತೂ ನಾನು ಒಂದಿಷ್ಟೂ ಅಲ್ಲಾಡದೆ ಕೂತು ಕೇಳಿಸಿಕೊಂಡೆ.