ನೆಲ್ಲಿನ ಕೆಳಗಿನ ಏಳರ ಮಗ್ಗಿ

ಮಕ್ಕಳನ್ನು ಎಬ್ಬಿಸಿ, ಓಡಿಸಿ, ಜಿಗಿಸಿ ಪಾಠ ಹೇಳಲು ನಾನು ಹೊರಟಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಇಷ್ಟು ವರ್ಷದ ಪ್ರಾಥಮಿಕ ಶಾಲೆಯ ನೌಕರಿಯಲ್ಲಿ ಒಮ್ಮೆಯಾದರೂ ಅದು ನೆಟ್ಟಗೆ ಮುಗಿದ ನೆನಪಿಲ್ಲ. ಕೇಳಿದವರು ನಗುತ್ತಾರೆ. ನಗಲಿ. ನನಗಂತೂ ಸಾಕಾಗಿಹೋಗಿದೆ.

೧. ಕೂತು ಕಲಿತದ್ದು

ಈ ಹುಚ್ಚು ನನಗೆ ಹತ್ತಿದ್ದು ಲಿಂಗಸುಗೂರಿನಲ್ಲಿ ನಡೆದ ಒಂದು ತರಬೇತಿಯಲ್ಲಿ. ವಿಷಯ, ಆಟದ ಜೊತೆ ಪಾಠ. ಮೊದಲ ದಿನ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ಮೂರನೇ ದಿನ ಸಂಜೆಯ ತನಕ ಕೂತೇ ಇದ್ದೆವು. ಊಟಕ್ಕೆ, ಚಹಾಕ್ಕೆ ಎದ್ದದ್ದೇ ನಮಗೆ ಆಟ. ಗೋಡೆಯ ಮೇಲೆ ಒಂದರ ಹಿಂದೊಂದು ಸ್ಲೈಡು ಬರುತ್ತಿತ್ತು. ಮಕ್ಕಳನ್ನು ಬಹಳ ಹೊತ್ತು ಕೂರಿಸಬೇಡಿ, ಮೈ ಜಡವಾದರೆ ಮೆದುಳು ಮಲಗುತ್ತದೆ ಎಂದು ಹೇಳುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಹಿರಿಯ ಹೆಡ್‌ಮಾಸ್ತರರ ಮೆದುಳು ಮಲಗಿ ಆಗಲೇ ಒಂದು ತಾಸಾಗಿತ್ತು.

ನಾನು ತಡೆಯಲಾರದೆ ಕೈ ಎತ್ತಿದೆ. "ಸರ, ಸೊಂಟ ಹಿಡದೈತ್ರಿ. ಐದು ನಿಮಿಷ ಹೊರಗ ಅಡ್ಡಾಡಿ ಬರೂಣೇನ್ರಿ?"

ತರಬೇತಿ ಕೊಡುತ್ತಿದ್ದವರಿಗೆ ಬೇಸರವಾಯಿತು. "ಕುಂದರ್ರಿ ಸರ. ಮಕ್ಕಳನ್ನ ಯಾಕ ಕುಂದ್ರಸಬಾರದು ಅನ್ನೂದಕ್ಕ ಇನ್ನೂ ನಲವತ್ತು ಸ್ಲೈಡ್ ಅದಾವ."

೨. ಪಡುವಣ ದಿಕ್ಕು

ಆಗ ನಾನಿದ್ದದ್ದು ಮಸ್ಕಿ ಕಡೆಯ ಒಂದು ಹಳ್ಳಿಯಲ್ಲಿ. ಎರಡನೇ ಇಯತ್ತೆಗೆ ದಿಕ್ಕುಗಳ ಪಾಠವಿತ್ತು. ಪುಸ್ತಕ ಮುಚ್ಚಿ ಮಕ್ಕಳನ್ನು ಬಯಲಿಗೆ ಕರೆದೊಯ್ದೆ. "ಮೂಡಲಕ್ಕ ಓಡ್ರಿ" ಎಂದು ಸೀಟಿ ಊದಿದೆ. ಓಡಿದವು, ಬಂದವು. ನನಗೆ ಹಿಗ್ಗೋ ಹಿಗ್ಗು. "ಪಡುವಣಕ್ಕ ಓಡ್ರಿ" ಎಂದೆ. ಓಡಿದವು. ಅರ್ಧ ಮಕ್ಕಳು ಬಂದವು, ಇನ್ನರ್ಧ ಬರಲೇ ಇಲ್ಲ.

ಹುಡುಕಿಕೊಂಡು ಹೋದೆ. ಪಡುವಣ ಓಣಿಯ ಮೊದಲ ಮನೆಯಲ್ಲೇ ಒಬ್ಬ ಹುಡುಗ ರೊಟ್ಟಿ ತಿನ್ನುತ್ತ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನ ಅಜ್ಜಿ ಅಡ್ಡ ಬಂದಳು. "ಮಾಸ್ತರ ಓಡು ಅಂದ್ರಂತ, ಓಡಿ ಬಂದಾನ. ಎಂದೂ ಯಾರ ಮಾತೂ ಕೇಳದ ಹುಡುಗ ಇವತ್ತ ಕೇಳ್ಯಾನ. ಬೈಬ್ಯಾಡ್ರಿ ಮತ್ತ."

ಬೈಯುವುದೇನು ಬಂತು, ನನಗೆ ಅಳುವೇ ಬರುವಂತಾಗಿತ್ತು. ಬರಿಗೈಲಿ ಶಾಲೆಗೆ ಮರಳಿದರೆ ಉಳಿದ ಮಕ್ಕಳೆಲ್ಲ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಸಾಲಾಗಿ ನಿಂತಿದ್ದವು.

"ಸರ, ನಮ್ಮ ಮನಿ ಮೂಡಲಕ್ಕ ಅದಾವ್ರಿ. ಇನ್ನೊಮ್ಮೆ ಸೀಟಿ ಊದ್ರಿ."

೩. ಕಾಲಿಗೆ ಹತ್ತಿದ್ದು

ಮುಂದೆ ಸಿಂಧನೂರು ತಾಲ್ಲೂಕಿಗೆ ವರ್ಗವಾಯಿತು. ಜವಳಗೇರಾದಿಂದ ಆಚೆಗೆ, ಕಾಲುವೆ ನೀರಿನ ಊರು. ಶಾಲೆಯ ಮುಂದೆ ದೊಡ್ಡ ಸಿಮೆಂಟಿನ ಅಂಗಳ. ನೋಡಿದ ಕೂಡಲೇ ಹಳೆಯ ಹುಚ್ಚು ಮತ್ತೆ ಕೆದರಿತು. ಗೋಡೆಗೆ ಬಳಿದು ಉಳಿದ ಬಣ್ಣದಲ್ಲಿ ಕುಂಟಾಟದ ಮನೆಗಳನ್ನು ಬರೆದೆ. ಎರಡರ ಮಗ್ಗಿಗೆ ಒಂದು ಸಾಲು, ಮೂರಕ್ಕೆ ಇನ್ನೊಂದು, ಹೀಗೆ ಹತ್ತರವರೆಗೆ. ಒಂಟಿಗಾಲಲ್ಲಿ ಒಂದೊಂದೇ ಮನೆ ಜಿಗಿಯುತ್ತ ಮಗ್ಗಿ ಹೇಳಬೇಕು.

ಮೂರನೇ ಇಯತ್ತೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಹಿಂದಿನ ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲವಂತೆ. ಏನು ಕೇಳಿದರೂ ನೆಲ ನೋಡುತ್ತಿದ್ದಳು. ಅಂಥವಳು ತಿಂಗಳಲ್ಲಿ ಏಳರ ಮಗ್ಗಿಯ ತನಕ ಜಿಗಿದು ಹೇಳಿದಳು. ಅವತ್ತು ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಮರುವಾರ ಅವಳ ಅಜ್ಜಿ ಶಾಲೆಗೇ ಬಂದಳು. "ನಮ್ಮ ಹುಡುಗಿಗೆ ಏನ್ ಮಾಡೀರಿ ಮಾಸ್ತರ? ಅವರಪ್ಪ ಐದ್ನಾಕ್ಲೆ ಎಷ್ಟು ಅಂದ್ರ ಒಂಟಿಗಾಲಾಗ ನಿಲ್ತಾಳ. ನಿನ್ನಿ ಒಲಿ ಮುಂದ ಜಿಗದು ಸಾರು ಚೆಲ್ಯಾಳ."

ನಾನು ಬಗೆಬಗೆಯಾಗಿ ತಿಳಿಸಿ ಹೇಳಿದೆ. ಅಜ್ಜಿ ಎಲ್ಲ ಕೇಳಿ, ತಲೆಯಾಡಿಸಿ ಹೋದಳು. ಮರುದಿನ ನೋಡಿದರೆ ಹುಡುಗಿಯ ಬಲಗಾಲಿಗೆ ಕರಿ ದಾರದಲ್ಲಿ ಅಂತ್ರದ ತಾಯಿತ.

"ಏನವ್ವಾ ಇದು?"

"ಕಾಲಿಗೆ ಏನೋ ಹತ್ತೈತಿ ಅಂತ ಅಜ್ಜಿ ಕಟ್ಟಿಸ್ಯಾಳ್ರಿ. ಎಡಗಾಲಿಗೆ ಇನ್ನೂ ಹತ್ತಿಲ್ಲಂತ. ಎಡಗಾಲಿಲೆ ಜಿಗೀಲ್ಯಾ ಸರ?"

೪. ಸಾಹೇಬರು ಬಂದದ್ದು

ಮೇಲಿನ ಕಚೇರಿಯಿಂದ ಸಾಹೇಬರೊಬ್ಬರು ಬಂದು ಮೂರನೇ ಇಯತ್ತೆಯ ಮಗ್ಗಿ ಕೇಳುತ್ತಾರೆಂದು ಸುದ್ದಿ ಬಂತು. ನಮ್ಮ ಹೆಡ್‌ಮೇಡಂ ನನ್ನನ್ನು ಕರೆದು ಹೇಳಿದರು. "ಹುಡುಗ್ರು ಹೇಳಿದ್ರ ಸರಿ. ಇಲ್ಲಂದ್ರ ನಿಮ್ಮ ಕುಂಟಾಟದ ಮನಿ ಎಲ್ಲಾ ಅಳಿಸಿ ಹಾಕಸ್ತೀನಿ ನೋಡ್ರಿ. ಎಲ್ಲಾರೂ ಸುಮ್ಮನ ಬೆಂಚಿನ ಮ್ಯಾಲೆ ಕುಂತು ಕಲೀಲಿ."

ಮನೆಗಳು ಹೋದರೆ ಹೋಗಲಿ. ಆ ಹುಡುಗಿಯ ಬಾಯಿ ಮತ್ತೆ ಮುಚ್ಚಿಹೋಗುತ್ತದಲ್ಲ, ಅದೇ ನನ್ನ ಸಂಕಟ.

ಆ ದಿನ ಬೆಳಿಗ್ಗೆ ಬೇಗ ಹೋದೆ. ಅಂಗಳವೇ ಕಾಣಲಿಲ್ಲ. ಈ ಕಡೆಯಿಂದ ಆ ಕಡೆಯವರೆಗೆ ಭತ್ತ, ಇಲ್ಲಿಯವರ ಮಾತಿನಲ್ಲಿ ನೆಲ್ಲು. ಕೊಯ್ಲಿನ ಕಾಲದಲ್ಲಿ ಕಾಲುವೆ ಕಡೆಯವರಿಗೆ ಸಿಮೆಂಟು ಕಂಡರೆ ಸಾಕು, ನೆಲ್ಲು ಒಣಹಾಕಿಬಿಡುತ್ತಾರೆ. ಹಾಕಿದವರು ಬೇರೆ ಯಾರೂ ಅಲ್ಲ, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ನೆಲ್ಲು ತಿರುವುವ ಹಲಗೆ ಹಿಡಿದು ನಿಂತಿದ್ದರು.

"ಎರಡು ದಿನ ಬಿಸಿಲು ಕುಡೀಲ್ರಿ ಸರ. ಆಮ್ಯಾಲೆ ನಿಮ್ಮ ಅಂಗಳ ನಿಮಗ."

ಸಾಹೇಬರು ಬಂದರು. ಒಳಗೆ ಕೂತು "ಏಳೆಂಟ್ಲೆ ಎಷ್ಟು?" ಎಂದು ಕೇಳಿದರು. ಬೆಂಚಿನ ಕೆಳಗೆ ಕಾಲುಗಳು ಮಾತ್ರ ಅಲ್ಲಾಡುತ್ತಿದ್ದವು. ಸಾಹೇಬರು ಆ ಹುಡುಗಿಯತ್ತ ಕೈ ತೋರಿಸಿದರು. ಅವಳು ಎದ್ದು ಒಂದು ಕಾಲೆತ್ತಿದಳು. ಮೇಡಂ ಕಣ್ಣು ಬಿಟ್ಟರು. ಹುಡುಗಿ ಕಾಲು ಕೆಳಗಿಟ್ಟು ನೆಲ ನೋಡತೊಡಗಿದಳು. ಮುಗಿಯಿತು ಎಂದುಕೊಂಡೆ.

"ಸರ, ಹೊರಗ ಹೋದ್ರ ಬರ್ತೈತ್ರಿ," ಎಂದಳು, ನೆಲ ನೋಡುತ್ತಲೇ.

"ಹೊರಗ ನೆಲ್ಲು ಐತಲ್ಲವ್ವಾ?" ಎಂದರು ಸಾಹೇಬರು.

"ಮನಿ ನೆಲ್ಲಿನ ಕೆಳಗ ಅದಾವ್ರಿ. ಎಲ್ಲಿ ಅದಾವ ನನಗ ಗೊತ್ತೈತ್ರಿ."

ಯಾರ ಅಪ್ಪಣೆಗೂ ಕಾಯದೆ ಹೋಗಿ ಚಪ್ಪಲಿ ಬಿಟ್ಟು ನೆಲ್ಲಿನೊಳಗೆ ಜಿಗಿದಳು. ಏಳೊಂದ್ಲೆ ಏಳು. ಏಳೆರಡ್ಲೆ ಹದಿನಾಲ್ಕು. ಒಂದು ಮನೆಯೂ ತಪ್ಪಲಿಲ್ಲ. ಏಳೆಂಟ್ಲೆ ಐವತ್ತಾರು ಎಂದಾಗ ಅವಳ ದನಿ ರಸ್ತೆಯವರೆಗೆ ಕೇಳಿತು. ಹಿಂದೆಯೇ ಇಡೀ ತರಗತಿ ಇಳಿಯಿತು. ಅಧ್ಯಕ್ಷರು ಹಲಗೆ ಎತ್ತಿಕೊಂಡು ಬೆನ್ನಟ್ಟಿದವರು ನಡುವೆಯೇ ನಿಂತರು. ಮಕ್ಕಳು ಕಾಲಿಟ್ಟಲ್ಲೆಲ್ಲ ಕೆಳಗಿನ ಹಸಿ ನೆಲ್ಲು ಮೇಲೆ ಬರುತ್ತಿತ್ತು. ತಿರುವುವ ಕೆಲಸ ತಪ್ಪಿತೆಂದು ಅಧ್ಯಕ್ಷರು ಹಲಗೆ ತೊಡೆಯ ಮೇಲಿಟ್ಟುಕೊಂಡು ಬೇವಿನ ನೆರಳಿಗೆ ಕೂತುಬಿಟ್ಟರು.

ಹತ್ತರ ಮಗ್ಗಿಯವರೆಗೆ ಹೇಳಿಸಿಯೇ ಬಿಟ್ಟೆವು. ಸಾಹೇಬರು ಖುಷಿಯಾಗಿ ನನ್ನ ಬೆನ್ನು ತಟ್ಟಿದರು. ಒಂದು ಫೋಟೊ ತೆಗೆದು ಕಚೇರಿಯ ಗ್ರೂಪಿಗೂ ಹಾಕಿದರು. ಜೀವನದಲ್ಲಿ ಒಮ್ಮೆಯಾದರೂ ನೆಟ್ಟಗಾಯಿತು ಎಂದು ನಾನು ಅಂದು ಎರಡು ರೊಟ್ಟಿ ಹೆಚ್ಚು ತಿಂದೆ.

ಫೋಟೊದಲ್ಲಿ ಮಗ್ಗಿ ಕೇಳಿಸುವುದಿಲ್ಲ. ಕಾಣುವುದು ನೆಲ್ಲಿನಲ್ಲಿ ಮಕ್ಕಳು, ನೆರಳಿನಲ್ಲಿ ಮಾಲೀಕ. ಮರುದಿನ ಬೆಳಿಗ್ಗೆ ಕಚೇರಿಯಿಂದ ಮೊಬೈಲಿಗೇ ನೋಟಿಸು ಬಂತು. ಶಾಲಾ ವೇಳೆಯಲ್ಲಿ ಮಕ್ಕಳಿಂದ ಖಾಸಗಿಯವರ ಭತ್ತ ಒಣಗಿಸುವ ಕೆಲಸ ಮಾಡಿಸಿದ್ದೇಕೆ, ಕೂಡಲೇ ವಿವರಣೆ ಕೊಡಿ, ಅಲ್ಲಿಯತನಕ ಮಕ್ಕಳನ್ನು ಅಂಗಳಕ್ಕೆ ಬಿಡಕೂಡದು.

ವಿವರಣೆ ಬರೆಯಲು ಕೂತೆ. ಮುಂದಿನ ಬೆಂಚಿನಲ್ಲಿ ಆ ಹುಡುಗಿ ಕೈ ಕಟ್ಟಿ ನೆಲ ನೋಡುತ್ತ ಕೂತಿದ್ದಳು. ಆಟದ ಜೊತೆ ಪಾಠ ಎಂಬ ಮಾತನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದೆ. ಅಷ್ಟರಲ್ಲಿ ಕಿಟಕಿಯಲ್ಲಿ ಅಧ್ಯಕ್ಷರ ಮುಖ ಕಾಣಿಸಿತು.

"ಸರ, ಹುಡುಗ್ರು ಹತ್ತರ ಮಗ್ಗಿ ತನಾ ಛಲೋ ತಿರುವ್ಯಾರ್ರಿ. ಆದ್ರ ಆ ಮೂಲ್ಯಾಗ ಇನ್ನೂ ಹಸಿ ಐತಿ. ಇವತ್ತ ಹನ್ನೊಂದು, ಹನ್ನೆರಡು ಕಲಿಸಿಬಿಡ್ರಿ."