ರಿಯಾಲನ್ನು ಅಟ್ಟಕ್ಕೆ ಹಾಕಿದ್ದು

ಹೇಳಿದ ಬೆಲೆಗೇ ಏನನ್ನಾದರೂ ಕೊಂಡು ಬಂದ ದಿನ ನನಗೆ ಅನ್ನ ಸೇರುವುದಿಲ್ಲ. ಇದು ಗುಬ್ಬಿ ತಾಲ್ಲೂಕಿನ ರಕ್ತ. ನಮ್ಮಪ್ಪ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ, ಅದು ಒಣಗಿ ಕೊಬ್ಬರಿಯಾದ ಮೇಲೂ ಬೇಗ ಇಳಿಸುತ್ತಿರಲಿಲ್ಲ. ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಕಾಫಿ ಕೊಟ್ಟು ಬರಿಗೈಯಲ್ಲಿ ಕಳಿಸುತ್ತಿದ್ದರು. "ಮೊದ್ಲು ಕೇಳಿದ್ ರೇಟಿಗೆ ಕೊಡಬಾರ್ದು ಕಣ್ಲಾ, ಇನ್ನೊಂದ್ ಸಂತೆ ನೋಡಾಣ ಬುಡು" ಎನ್ನುತ್ತಿದ್ದರು. ಅಷ್ಟರಲ್ಲಿ ಇಲಿಗಳು ಯಾರ ರೇಟನ್ನೂ ಕೇಳದೆ ತಮ್ಮ ಪಾಲು ಮುಗಿಸಿರುತ್ತಿದ್ದವು.

ಇಂಥ ನನ್ನ ಕೈಗೆ ಹೆಂಡತಿ ವಸಂತ ತನ್ನ ಉಳಿತಾಯದ ವಿಷಯ ಒಪ್ಪಿಸಿದ್ದು ಅವಳ ದೊಡ್ಡ ಮನಸ್ಸು. ಅವಳು ಮಸ್ಕತ್ತಿನಲ್ಲಿ ನರ್ಸ್ ಆಗಿದ್ದವಳು. ನಾನು ತುಮಕೂರಿನಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳುತ್ತ, ಮಗಳಿಗೆ ಸೊಟ್ಟ ಜಡೆ ಹಾಕುತ್ತ ಕಾಲ ತಳ್ಳಿದವನು. ಹೋದ ವರ್ಷ ಅವಳು ಕೆಲಸ ಬಿಟ್ಟು ಊರಿಗೆ ಬಂದಳು, ದುಡ್ಡು ಮಾತ್ರ ರಿಯಾಲಾಗಿ ಅಲ್ಲಿನ ಬ್ಯಾಂಕಿನಲ್ಲೇ ಉಳಿಯಿತು. ತುಮಕೂರಿನ ಶಿರಾ ಗೇಟಿನಲ್ಲಿ ಮಳಿಗೆ ಹಿಡಿದು, ವಯಸ್ಸಾದವರಿಗೆ ಬಿಪಿ, ಶುಗರ್ ನೋಡುವ, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಪುಟ್ಟ ಜಾಗ ತೆರೆಯಬೇಕೆಂದು ಅವಳ ಆಸೆ. ಮಳಿಗೆಯ ಮಾಲೀಕ, ಹೆಬ್ಬೂರಿನ ರಂಗಪ್ಪ, "ಸೋಮವಾರ ಸಂಜೆಯೊಳ್ಗೆ ಅಡ್ವಾನ್ಸ್ ಕೊಡಿ ಸಾ, ಇಲ್ದಿದ್ರೆ ಮೊಬೈಲ್ ಕವರ್ ಮಾರೋನು ಕಾಯ್ತಾವ್ನೆ" ಎಂದಿದ್ದ. "ಕಮ್ಮಿ ಖರ್ಚಲ್ಲಿ ಹೆಂಗ್ ತರಿಸೋದು, ಸ್ವಲ್ಪ ನೋಡ್ರೀ" ಎಂದು ವಸಂತ ನನಗೆ ಹೇಳಿದಳು. ಹೇಳಬಾರದಿತ್ತು.

ನೋಡಿದೆ. ಫೀಸು ಸೊನ್ನೆ ಅನ್ನುವವನು ರಿಯಾಲಿನ ರೇಟಿನಲ್ಲಿ ಕೊಯ್ಯುತ್ತಾನೆ, ರೇಟು ಚೆನ್ನಾಗಿ ಕೊಡುವವನು ಫೀಸಿನಲ್ಲಿ ಕೊಯ್ಯುತ್ತಾನೆ, ಇಬ್ಬರಿಂದಲೂ ತಪ್ಪಿಸಿಕೊಂಡರೆ ನಡುವೆ ಹೆಸರೇ ಗೊತ್ತಿಲ್ಲದ ಇನ್ನೊಂದು ಬ್ಯಾಂಕು ಕೈ ಚಾಚಿಕೊಂಡು ಕೂತಿರುತ್ತದೆ. ದುಡ್ಡು ಕಳಿಸುವ ಒಂದು ಕಂಪನಿಗೆ ಫೋನು ಮಾಡಿ, "ಮೊದಲ ಗಿರಾಕಿ ಕಣಮ್ಮ, ಹತ್ತು ಪೈಸೆ ಏರಿಸು" ಎಂದೆ. ಆ ಹುಡುಗಿ, "ಸರ್, ಅದು ಸಿಸ್ಟಮ್ ರೇಟು" ಎಂದಳು. "ಹಂಗಾದ್ರೆ ನಿಮ್ ಸಿಸ್ಟಮ್ ಓನರಿಗೇ ಕೊಡಮ್ಮ ಫೋನು" ಎಂದೆ. ಲೈನು ಕಟ್ಟಾಯಿತು. ರೇಟು ದಿನವೂ ಚೂರುಚೂರು ಏರುತ್ತಿತ್ತು. ಏರುವ ರೇಟನ್ನು ನೋಡಿ ಗುಬ್ಬಿಯವನು ಮಾರುತ್ತಾನೆಯೇ? ಒಳಗೆ ಒಣಗಿತೇ ಎಂದು ಅಪ್ಪ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ ಹಾಗೆ ನಾನು ಗಳಿಗೆಗೊಮ್ಮೆ ಫೋನು ತೆಗೆದು ನೋಡುತ್ತ ಕೂತೆ. ಅಷ್ಟು ಸುಖವಾಗಿ ನಾನು ಇತ್ತೀಚೆಗೆ ಕಾಲ ಕಳೆದದ್ದೇ ಇಲ್ಲ.

ಸೋಮವಾರ ಬೆಳಿಗ್ಗೆ ಸ್ಕೂಲಿಗೆ ರಜೆ ಹಾಕಿ, ಇನ್ನೂ ಅಗ್ಗದ ದಾರಿ ಕೇಳೋಣವೆಂದು ಕುಣಿಗಲ್ಲಿಗೆ ಬಸ್ಸು ಹತ್ತಿದೆ. ಅಲ್ಲಿ ನನ್ನ ಸೋದರಮಾವನ ಮಗ ಶಿವಣ್ಣ ಇದ್ದಾನೆ, ಹಿಂದೆ ದೋಹಾದಲ್ಲಿ ಡ್ರೈವರ್ ಆಗಿದ್ದವನು. ಒಂದು ಕಿಲೋ ಮೈಸೂರು ಪಾಕು ಒಯ್ದೆ. ಅವನು ಅದನ್ನು ತಿನ್ನುತ್ತ, "ಯಾವ್ ದಾರೀಲಿ ಕಳ್ಸುದ್ರೂ ಅಲ್ಲಿಗಲ್ಲಿಗೇ ಕಣೋ. ಆದ್ರೆ ಇವತ್ತು ಕಳ್ಸುದ್ರೆ ಇವತ್ತೇ ಬರಾಕಿಲ್ಲ, ಎರಡ್ಮೂರು ದಿನ ಆಯ್ತದೆ" ಎಂದ. ನನ್ನ ಬಾಯಲ್ಲಿದ್ದ ಮೈಸೂರು ಪಾಕು ಅಲ್ಲೇ ನಿಂತಿತು. ಇವತ್ತೇ ಸೋಮವಾರ! ವಸಂತಳ ಮಳಿಗೆಯಲ್ಲಿ ಮೊಬೈಲ್ ಕವರುಗಳು ತೂಗಾಡುವುದು ಕಣ್ಣಿಗೆ ಕಟ್ಟಿತು. ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ಬಾಡಿಗೆ ಕಾರು ಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ದುಡ್ಡು ಕೊಟ್ಟು, ಶಿರಾ ಗೇಟಿನಲ್ಲಿ ಇಳಿದೆ.

ಮಳಿಗೆಯ ಬಾಗಿಲು ತೆರೆದಿತ್ತು. ಒಳಗೆ ವಸಂತ ಸೆರಗು ಸಿಕ್ಕಿಸಿಕೊಂಡು ಕಸ ಗುಡಿಸುತ್ತಿದ್ದಳು.

"ಗುರುವಾರವೇ ಅಲ್ಲಿಂದ ದುಡ್ಡು ಕಳಿಸ್ಕೊಂಡ್ಬಿಟ್ಟೆ ಕಣ್ರೀ, ಇವತ್ತು ಬೆಳಿಗ್ಗೆ ಬಂತು, ಅಡ್ವಾನ್ಸೂ ಕೊಟ್ಟಾಯ್ತು. ನೀವು ಅಷ್ಟು ಖುಷಿಯಾಗಿ ರೇಟ್ ನೋಡ್ತಿದ್ರಿ, ಹೇಳೋಕೆ ಮನಸ್ ಬರ್ಲಿಲ್ಲ."

"ಯಾವ ದಾರೀಲಿ?" ಎಂದೆ.

"ಪ್ರತಿ ತಿಂಗ್ಳು ಮನೆ ಖರ್ಚಿಗೆ ಕಳಿಸ್ತಿದ್ನಲ್ಲ, ಅದೇ ದಾರಿ."

ಅಷ್ಟು ವರ್ಷ ದುಡ್ಡು ಬಂದಿತ್ತು, ನಾವು ಉಂಡಿದ್ದೆವು. ಯಾವ ದಾರಿಯಲ್ಲಿ ಬಂತೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಪೊರಕೆ ಇಸಿದುಕೊಂಡೆ.

ಈಗ ಅವಳ ಜಾಗ ಚೆನ್ನಾಗಿ ನಡೆಯುತ್ತಿದೆ. ಮೊದಲ ದಿನ ಬಿಪಿ ನೋಡಿಸಿಕೊಂಡ ಮೊದಲ ಗಿರಾಕಿ ನಾನೇ. "ಬೋಣಿ, ಚೌಕಾಸಿ ಮಾಡಂಗಿಲ್ಲ" ಎಂದಳು. ಬಾಯಿ ಮುಚ್ಚಿಕೊಂಡು ಕೇಳಿದಷ್ಟೂ ಕೊಟ್ಟೆ. ಆಮೇಲೆ ರಸ್ತೆ ದಾಟಿ ಎದುರಿನ ಔಷಧಿ ಅಂಗಡಿಯಲ್ಲಿ ಬಿಪಿ ನೋಡಲು ಎಷ್ಟೆಂದು ಸುಮ್ಮನೆ ವಿಚಾರಿಸಿದೆ. ಐದು ರೂಪಾಯಿ ಕಡಿಮೆಯಂತೆ. ಈ ಸಂಗತಿಯನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.