ಷಡ್ಡಕನ ಸ್ಪೀಡ್ ಮೀಟರು

ಮುಕುಂದನ ಕಂಪ್ಯೂಟರಿನಲ್ಲಿ ಕಾರು ಓಡುತ್ತಿತ್ತು, ಆದರೆ ಎಷ್ಟು ಜೋರಾಗಿ ಓಡುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಅವನ ಷಡ್ಡಕ ರಾಮಚಂದ್ರನ ಕಂಪ್ಯೂಟರಿನಲ್ಲಿ ತಿಳಿಯುತ್ತಿತ್ತು. ಆ ಭಾನುವಾರ ಮುಕುಂದನ ಹೊಟ್ಟೆಯಲ್ಲಿ ಎದ್ದ ಉರಿಗೆ ಕಾರಣ ಇಷ್ಟೇ.

ಅದು ಎರಡು ಸಾವಿರದ ಒಂದನೇ ಇಸವಿ. ಮುಕುಂದ ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ, ರಾಮಚಂದ್ರ ಕೋಲಾರದಲ್ಲಿ ಬ್ಯಾಂಕಿನ ಅಧಿಕಾರಿ. ಹೆಂಡತಿಯರು ಅಕ್ಕತಂಗಿಯರು ಎಂಬುದನ್ನು ಬಿಟ್ಟರೆ ಇಬ್ಬರ ನಡುವೆ ಯಾವ ಜಗಳವೂ ಇರಲಿಲ್ಲ. ಆದರೆ ರಾಮಚಂದ್ರ ಫ್ರಿಜ್ ತಂದ ದಿನದಿಂದ ಮುಕುಂದನಿಗೆ ತನ್ನ ಮನೆಯ ಹೂಜಿ ನೀರು ಬೆಚ್ಚಗಾಯಿತು. ರಾಮಚಂದ್ರ ಸ್ಕೂಟರ್ ಕೊಂಡ ವಾರವೇ ಮುಕುಂದನ ಸೈಕಲ್ಲು ಕಿರುಗುಟ್ಟತೊಡಗಿತು. ಕೋಲಾರದ ಮನೆಗೆ ಕಂಪ್ಯೂಟರ್ ಬಂದಾಗ ಮಾತ್ರ ಅವನಿಂದ ತಡೆಯಲಾಗಲಿಲ್ಲ. ತಾನೂ ಒಂದು ತಂದ. ಷಡ್ಡಕ ಆಡುತ್ತಿದ್ದ ಕಾರ್ ರೇಸಿನ ಸಿ.ಡಿ.ಯನ್ನೇ ಕೇಳಿ ತಂದು ಹಾಕಿಸಿಕೊಂಡ.

ಅದೇ ಸಿ.ಡಿ., ಅದೇ ಕೆಂಪು ಕಾರು. ಕೋಲಾರದಲ್ಲಿ ಪರದೆಯ ಬಲಮೂಲೆಗೆ ದುಂಡನೆಯ ಸ್ಪೀಡ್ ಮೀಟರು, ಎಡಮೂಲೆಗೆ ರಸ್ತೆಯ ಪುಟ್ಟ ನಕ್ಷೆ, ಮೇಲೆ ಮಿನುಗುವ ಅಂಕಿಗಳು. ಮುಳಬಾಗಿಲಿನಲ್ಲಿ ಬರೀ ರಸ್ತೆ. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲಿನ ಛತ್ರದ ಹಾಗೆ ಪರದೆ ಬಣಗುಟ್ಟುತ್ತಿತ್ತು. ರಾಮಚಂದ್ರ ತನ್ನ ಹೆಂಡತಿ ಶ್ರೀವಾಣಿಯೊಂದಿಗೆ ಅಂದು ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಬರುವವನಿದ್ದ. ಬಂದವನು ಕಂಪ್ಯೂಟರ್ ನೋಡದೆ ಹೋಗುವ ಆಸಾಮಿಯಲ್ಲ.

"ಆ ಮೀಟರ್ ಹೇಗೆ ಬರುತ್ತೆ ಅಂತ ಭಾವನ್ನೇ ಕೇಳಬಾರದೇನ್ರೀ?" ಎಂದಳು ಹೆಂಡತಿ ಸೌಪರ್ಣಿಕಾ.

"ಅವರನ್ನ ಕೇಳೋದಕ್ಕಿಂತ ನಾನು ಎತ್ತಿನ ಗಾಡೀನೇ ಓಡಿಸ್ತೀನಿ," ಎಂದ ಮುಕುಂದ.

ಈ ಮಾತು ಗೋಡೆಯಾಚೆಯ ಕೋದಂಡರಾಮಪ್ಪನವರಿಗೆ ಕೇಳಿಸಿತು. ಮೂವತ್ತು ವರ್ಷ ರೇಡಿಯೋ, ಟಿ.ವಿ. ರಿಪೇರಿ ಮಾಡಿದ್ದ ಅವರು ಕರೆಯದೆಯೇ ಸ್ಕ್ರೂಡ್ರೈವರ್ ಹಿಡಿದು ಬಂದರು. ಪರದೆಯನ್ನು ಓರೆಯಾಗಿ ನೋಡಿ, ಮೀಟರು ಎಲ್ಲಿಗೂ ಹೋಗಿಲ್ಲ, ಚಿತ್ರ ಗಾಜಿಗಿಂತ ದೊಡ್ಡದಾಗಿ ಅಂಚಿನಾಚೆ ಉಳಿದುಬಿಟ್ಟಿದೆ ಎಂದು ತೀರ್ಪಿತ್ತರು. "ಸಂದೇಹಮೇ ಲೇದಪ್ಪ, ಅನುಮಾನಾನೇ ಇಲ್ಲ, ಒಳಕ್ಕೆ ಎಳೀಬೇಕು ಅಷ್ಟೆ," ಎನ್ನುತ್ತ ಒಂದೊಂದೇ ತಿರುಪು ತಿರುಗಿಸಿದರು. ಚಿತ್ರ ಕುಗ್ಗಿತು, ಮತ್ತೂ ಕುಗ್ಗಿತು, ಕೊನೆಗೆ ಪೋಸ್ಟ್ ಕಾರ್ಡಿನಷ್ಟಾಯಿತು. ಕಾರು ಗೊದ್ದದ ಇರುವೆಯಷ್ಟಾಯಿತು. ಮೀಟರು ಬರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಕೋದಂಡರಾಮಪ್ಪನವರು ಎದ್ದುಹೋದರು.

ಮುಕುಂದ ಸೈಕಲ್ ತುಳಿದು ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಕ್ಲಾಸಿನ ಮೇಷ್ಟರು ಕದಿರೇಶನನ್ನು ಹಿಂದೆ ಕೂರಿಸಿಕೊಂಡು ಬಂದ. ಕದಿರೇಶ ಮೊದಲು ಚಿತ್ರವನ್ನು ಹಿಗ್ಗಿಸಿದ. ಆಮೇಲೆ ಗಂಭೀರನಾದ.

"ಸರ್, ಇದಕ್ಕೆ ಸರಿಯಾದ ಡ್ರೈವರ್ ಇಲ್ಲ."

ಮುಕುಂದನಿಗೆ ಮೈ ಉರಿಯಿತು. "ಹದಿನೈದು ದಿನದಿಂದ ನಾನೇ ಓಡಿಸ್ತಾ ಇದ್ದೀನಿ. ಒಂದು ಸಲಾನೂ ಚರಂಡಿಗೆ ಬಿದ್ದಿಲ್ಲ."

ಅದು ಕಂಪ್ಯೂಟರಿನೊಳಗೆ ಇರಬೇಕಾದ ಬೇರೆಯದೇ ಸಾಮಾನು ಎಂದು ತಿಳಿಹೇಳಿ ಕದಿರೇಶ ಏನನ್ನೋ ಅಳಿಸಿದ, ಏನನ್ನೋ ಹಾಕಿದ. ಪರದೆಯ ಬಣ್ಣವೆಲ್ಲ ಹೋಗಿ ಕೆಂಪು ಕಾರು ಬೂದಿಯಲ್ಲಿ ಹೊರಳಿದ ಕತ್ತೆಯಂತಾಯಿತು. ಅದನ್ನು ಮತ್ತೆ ಮೊದಲಿನಂತೆ ಮಾಡುವಷ್ಟರಲ್ಲಿ ಒಂದು ಗಂಟೆ ಹೊಡೆಯಿತು. ಮೀಟರು ಮಾತ್ರ ಬರಲಿಲ್ಲ. ಷಡ್ಡಕನೂ ಬರಲಿಲ್ಲ. ಬಸ್ಸು ಕೆಟ್ಟಿರಲಿ ಎಂದು ಮುಕುಂದ ಮನಸ್ಸಿನಲ್ಲೇ ಆಂಜನೇಯನಿಗೆ ಕೈಮುಗಿದ.

ಎರಡೂವರೆಗೆ ಸೌಪರ್ಣಿಕಾ ಬಂದು ನೋಡಿದಳು. ಕದಿರೇಶ ಹೋಗಿಯಾಗಿತ್ತು, ಗಂಡ ಓಡುತ್ತಿದ್ದ ಆಟದ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಕೀಬೋರ್ಡಿನ ಮೇಲೆ ಧೂಳು, ತಂತಿ ಚೂರು, ಕದಿರೇಶ ತಿಂದ ಕೋಡುಬಳೆಯ ಪುಡಿ. ನೆಂಟರು ಬರುವ ಹೊತ್ತಿಗೆ ಇದೇನು ಅವತಾರ ಎಂದು ಗೊಣಗುತ್ತ ಒದ್ದೆ ಬಟ್ಟೆಯಿಂದ ಆ ತುದಿಯಿಂದ ಈ ತುದಿಗೆ ರಪರಪನೆ ಒರೆಸಿದಳು.

ಮೀಟರು ಬಂತು. ನಕ್ಷೆ ಬಂತು. ಮೇಲೆ ಅಂಕಿಗಳು ಮಿನುಗಿದವು.

ಯಾವ ಗುಂಡಿ ಒತ್ತಿದೆ ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಮುಕುಂದನಿಗೆ ಕಾಣಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಬೆವರೊರೆಸಿಕೊಳ್ಳುತ್ತ ಬಂದ ರಾಮಚಂದ್ರನಿಗೆ ಎಲೆ ಹಾಕುವವರೆಗೂ ಕಾಯದೆ ಮುಕುಂದ ಅವನನ್ನು ನೇರ ಕಂಪ್ಯೂಟರಿನ ಮುಂದೆ ನಿಲ್ಲಿಸಿದ.

ರಾಮಚಂದ್ರ ಪರದೆಯನ್ನು ಕನಿಕರದಿಂದ ನೋಡಿದ. "ಇನ್ನೂ ಈ ಮೀಟರ್ ಇಟ್ಕೊಂಡಿದ್ದೀರಾ ಮುಕುಂದ್? ನಾನು ತೆಗೆಸಿಬಿಟ್ಟೆ. ಅದು ಕಲಿಯೋರಿಗೆ. ಕೈ ಕೂತ ಮೇಲೆ ಎಂಜಿನ್ ಸದ್ದಲ್ಲೇ ಸ್ಪೀಡ್ ಗೊತ್ತಾಗಬೇಕು."

ಹಿಂದೆ ನಿಂತಿದ್ದ ಶ್ರೀವಾಣಿ ನಕ್ಕಳು. "ತೆಗೆಸಿದ್ದು ಇವತ್ತೇ. ಬೆಳಿಗ್ಗೆ ಎಂಟಕ್ಕೆ ಸೌಪಿ ಫೋನ್ ಮಾಡಿ, ನಮ್ಮನೇಲಿ ಪರದೆ ತುಂಬ ರಸ್ತೇನೇ ಕಾಣುತ್ತೆ, ಮೀಟರು ಗೀಟರು ಏನೂ ಅಡ್ಡ ಬರಲ್ಲ ಅಂದ್ಲು. ಅಷ್ಟೇ, ಇವರು ತಿಂಡಿ ಕೂಡ ಮುಟ್ಟಲಿಲ್ಲ. ಯಾರ್ಯಾರನ್ನೋ ಕರೆಸಿ ತೆಗೆಸೋ ಹೊತ್ತಿಗೆ ಮೂರು ಬಸ್ ಹೋದವು."

ಮುಕುಂದ ಹೆಂಡತಿಯ ಕಡೆ ತಿರುಗಿದ.

"ನಿಮ್ಮ ಮರ್ಯಾದೆ ಹೋಗಬಾರದು ಅಂತ ಸ್ವಲ್ಪ ತಿರುಗಿಸಿ ಹೇಳ್ದೆ," ಎಂದಳು ಅವಳು ಮೆಲ್ಲಗೆ.

ಷಡ್ಡಕರಾದ ಹನ್ನೊಂದು ವರ್ಷದಲ್ಲಿ ಮೊದಲ ಸಲ ರಾಮಚಂದ್ರ ಮುಕುಂದನನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದ. ಅದೂ ಇಡೀ ಬೆಳಿಗ್ಗೆ, ತಿಂಡಿ ಬಿಟ್ಟು. ಅಂಥ ಸುಖದ ಬೆಳಿಗ್ಗೆಯನ್ನು ತಾನು ಗೊತ್ತೇ ಇಲ್ಲದೆ ತಿರುಪು ತಿರುಗಿಸುವುದರಲ್ಲಿ ಕಳೆದಿದ್ದ. ಮೀಟರನ್ನು ಮತ್ತೆ ಮಾಯ ಮಾಡಲೆಂದು ಮುಕುಂದ ಕೀಬೋರ್ಡಿನ ಮೇಲೆ ಬಿದ್ದು ಸಿಕ್ಕ ಗುಂಡಿಯನ್ನೆಲ್ಲ ಒತ್ತಿದ. ಕಾರು ಹಾರನ್ ಹೊಡೆಯಿತು, ಹಿಂದಕ್ಕೆ ಹೋಯಿತು, ಮರಕ್ಕೆ ಗುದ್ದಿತು. ಮೀಟರು ಕದಲಲಿಲ್ಲ.

ರಾಮಚಂದ್ರ ಕನ್ನಡಕ ಏರಿಸಿ ಬಗ್ಗಿದ. "ಮೇಲೆ ಆರು, ಗೀಟು, ಆರು ಅಂತಿದೆಯಲ್ಲ, ಏನದು?"

ಮುಕುಂದ ಅದನ್ನು ಓದಿದ್ದೇ ಆಗ. ಓಟದಲ್ಲಿದ್ದುದು ಆರು ಕಾರು. ಎದುರಿನ ರಸ್ತೆ ಸದಾ ಖಾಲಿ ಕಾಣುತ್ತಿದ್ದುದರಿಂದ ಎಲ್ಲರನ್ನೂ ಹಿಂದೆ ಹಾಕಿದ್ದೇನೆಂದು ಹದಿನೈದು ದಿನ ಬೀಗಿದ್ದ.

"ಆರರಲ್ಲಿ ಆರನೇದು," ಎಂದು ರಾಮಚಂದ್ರ ತಾನೇ ಬಿಡಿಸಿ ಓದಿದ. "ಅದಕ್ಕೇ ಹೇಳಿದ್ದು ಮುಕುಂದ್, ನಿಮ್ಮಂಥೋರು ಮೀಟರ್ ತೆಗೆಸಿಬಿಡಬೇಕು." ಅಷ್ಟು ಹೇಳಿ, ಬಲು ದಿನದ ಮೇಲೆ ಹಸಿವಾದವನಂತೆ ಅಡಿಗೆಮನೆಯ ಕಡೆ ನಡೆದ.